ತಾತನ ಟ್ರಂಕಿನಲ್ಲಿ ಎಂಟು ಪದಕಗಳಿವೆ, ಅವರ ಬದುಕನ್ನು ಎಲ್ಲಿಂದ ಬರೆಯಲಿ?

ಪ್ರಶ್ನೆ: ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಎರಡು ತಿಂಗಳ ಹಿಂದೆ ತೀರಿಕೊಂಡರು. 90 ವರ್ಷ ಆಗಿತ್ತು. 1954ರಲ್ಲಿ ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರಿಂಗ್ ದಳ) ಸೇರಿ 1978ರಲ್ಲಿ ನಾಯಬ್ ಸುಬೇದಾರ್ ಆಗಿ ರಿಟೈರ್ ಆದವರು. ಆಮೇಲೆ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದರು, ಕೊನೆಯ ಮೂವತ್ತು ವರ್ಷ ಅರಕಲಗೂಡಿನ ಹತ್ತಿರ ನಮ್ಮೂರಲ್ಲೇ ತೋಟ ನೋಡಿಕೊಂಡಿದ್ದರು. ವರ್ಷದ ತಿಥಿಯ ಹೊತ್ತಿಗೆ ಅವರ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿ ನೆಂಟರಿಗೆಲ್ಲ ಕೊಡಬೇಕು ಅಂತ ಆಸೆ. ಆದರೆ ಸೇನೆಯ ಬಗ್ಗೆ ತಾತ ಮನೆಯಲ್ಲಿ ಮಾತಾಡಿದ್ದೇ ಇಲ್ಲ. ಕಪ್ಪು ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ (ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ), ಒಂದಷ್ಟು ಕಾಗದಗಳು, ಎಂಟು ಪದಕಗಳು ಇವೆ (ಪಟ್ಟಿ ಕಳಿಸಿದ್ದೇನೆ). ಮಾವ 'ಅಪ್ಪ ಮೂರು ಯುದ್ಧ ಮಾಡಿದವರು ಅಂತ ಬರಿ' ಅನ್ನುತ್ತಾರೆ. ಅಮ್ಮನಿಗೆ ಒಂದು ಹಳೇ ನೋವಿದೆ: ಅಮ್ಮ ಹುಟ್ಟಿದ್ದು 1972ರ ಮಾರ್ಚ್‌ನಲ್ಲಿ, ತಾತ ಅವಳನ್ನು ಮೊದಲು ನೋಡಿದ್ದು ಅವಳು ಗೋಡೆ ಹಿಡಿದು ನಡೆಯುವಾಗ. 'ಯುದ್ಧ ಡಿಸೆಂಬರಿಗೇ ಮುಗಿದಿತ್ತಲ್ವಾ, ಆಮೇಲೂ ಯಾಕೆ ಬರಲಿಲ್ಲ' ಅಂತ ಈಗಲೂ ಕೇಳುತ್ತಾಳೆ. ಅಜ್ಜಿಗೆ 84. 'ಬಂದಾಗ ಬಂದರು, ಹೋದಾಗ ಹೋದರು, ಬರೆಯೋಕೆ ಏನಿದೆ' ಅನ್ನುತ್ತಾರೆ. ತಾತನಿಗೆ ಸಿಟ್ಟು ಜಾಸ್ತಿ ಇತ್ತು, ರಾತ್ರಿ ನಿದ್ದೆಯಲ್ಲಿ ಕೂಗುತ್ತಿದ್ದರು. ಅದನ್ನೆಲ್ಲ ಬರೆಯಬೇಕಾ?

ಉತ್ತರ:

ನಿಮ್ಮ ತಾತನ ಸುದ್ದಿ ಕೇಳಿ ಬೇಸರವಾಯಿತು. 90 ವರ್ಷ ತುಂಬಿದ ಬದುಕು ಅಂತ ಊರವರು ಸಮಾಧಾನ ಹೇಳಿರುತ್ತಾರೆ. ಆದರೆ ಮನೆಯ ಮೂಲೆಯಲ್ಲಿ ಒಂದು ಕುರ್ಚಿ ಖಾಲಿಯಾದರೆ ಎಷ್ಟು ವಯಸ್ಸಾಗಿತ್ತು ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ.

ಪುಸ್ತಕಕ್ಕಿಂತ ಮೊದಲು ಒಂದು ಕೆಲಸದ ಮಾತು. ಅಜ್ಜಿಯ ಕುಟುಂಬ ಪಿಂಚಣಿ ಶುರುವಾಗಿದೆಯಾ ನೋಡಿ. ಮರಣ ಪ್ರಮಾಣಪತ್ರ, ಪಿಪಿಓ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಪುಸ್ತಕ, ಅಜ್ಜಿಯ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅಜ್ಜಿಯ ಹೆಸರು ಸೇನೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಒಂದು ರೀತಿ ಇರುತ್ತದೆ. ಹಳೇ ಸಿಪಾಯಿಗಳ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಹಾಗಿದ್ದರೆ ಈಗಲೇ ಸರಿ ಮಾಡಿಸಿ. ಇದಕ್ಕಾಗಿ ನೀವು ತೆಗೆಯುವ ಕಾಗದಗಳೇ ಮುಂದೆ ಪುಸ್ತಕಕ್ಕೂ ಬೇಕಾಗುತ್ತವೆ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಸಿಪಾಯಿಗಳ ಕಾಗದಪತ್ರ ನೋಡುವುದೇ ನನ್ನ ಉದ್ಯೋಗವಾಗಿತ್ತು. ಈಗ ಹತ್ತಾರು ಮನೆಗಳಿಗೆ ಇಂಥ ಪುಸ್ತಕ ಮಾಡಲು ಸಹಾಯ ಮಾಡಿದ್ದೇನೆ. ಆ ಮನೆಗಳಲ್ಲೆಲ್ಲ ಮೊದಲು ಬರೆದು ತಂದ ಪ್ರತಿಯಲ್ಲಿ ಎರಡು ಅಧ್ಯಾಯ ಇದ್ದೇ ಇರುತ್ತಿತ್ತು. ಮೊದಲನೆಯದು 'ವೀರ ಯೋಧ', ಎರಡನೆಯದು 'ಪ್ರೀತಿಯ ತಂದೆ, ತಾತ'. ಮೊದಲನೆಯದರಲ್ಲಿ ಯುದ್ಧಗಳ ಹೆಸರು ಮಾತ್ರ ಇರುತ್ತದೆ, ಮನುಷ್ಯ ಕಾಣಿಸುವುದಿಲ್ಲ. ಎರಡನೆಯದರಲ್ಲಿ ಮನುಷ್ಯ ಇರುತ್ತಾನೆ, ಆದರೆ ಅವನು ಮನೆಯಲ್ಲೇ ಇರಲಿಲ್ಲ ಅನ್ನೋದನ್ನೇ ಮರೆತಿರುತ್ತಾರೆ. ದಯವಿಟ್ಟು ಹಾಗೆ ಬೇರೆ ಮಾಡಬೇಡಿ. ನಿಮ್ಮ ಅಮ್ಮನ ಪ್ರಶ್ನೆಯನ್ನೇ ನೋಡಿ. ಅದನ್ನು ಯಾವ ಅಧ್ಯಾಯಕ್ಕೆ ಹಾಕುತ್ತೀರಿ?

ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಳ್ಳಿ. ಒಂದೊಂದು ವರ್ಷಕ್ಕೆ ಒಂದೊಂದು ಪುಟ. ಪುಟದ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ತಾತ ಎಲ್ಲಿದ್ದರು, ಬಲಗಡೆ ಮನೆಯಲ್ಲಿ ಏನಾಯಿತು. ಮದುವೆ, ಹೆರಿಗೆ, ಸಾವು, ಬಾವಿ ತೋಡಿಸಿದ್ದು, ಮನೆ ಕಟ್ಟಿದ್ದು, ಬರ ಬಂದದ್ದು, ಜಮೀನಿನ ಗಲಾಟೆ, ಎಲ್ಲ. ಎರಡೂ ಕಡೆ ತುಂಬುತ್ತಾ ಹೋದ ಹಾಗೆ ಪುಸ್ತಕ ತಾನಾಗೇ ಎದ್ದು ನಿಲ್ಲುತ್ತದೆ.

ಎಡಗಡೆ ತುಂಬಿಸಲು ಪದಕಗಳಿಂದ ಶುರು ಮಾಡೋಣ. ನೀವು ಕಳಿಸಿದ ಪಟ್ಟಿ ಓದಿದರೆ ತಾತನ ಅರ್ಧ ದಾರಿ ಕಾಣಿಸುತ್ತದೆ.

ಒಂದರ ರಿಬ್ಬನ್ ಮೇಲೆ ಸಣ್ಣ ಲೋಹದ ಪಟ್ಟಿ, ಅದರಲ್ಲಿ 'ನೇಫಾ 1962' ಅಂತ ಇದೆ ಎಂದಿರಿ. ಅದು 1947ರ ಜನರಲ್ ಸರ್ವಿಸ್ ಮೆಡಲ್. 1962ರ ಚೀನಾ ಯುದ್ಧಕ್ಕೆ ಅಂತ ಬೇರೆ ಪದಕ ಮಾಡಲಿಲ್ಲ. ಇದೇ ಪದಕಕ್ಕೆ 'ಲಡಾಖ್ 1962' ಅಥವಾ 'ನೇಫಾ 1962' ಎಂಬ ಪಟ್ಟಿ ಸೇರಿಸಿ ಕೊಟ್ಟರು. ನೇಫಾ ಅಂದರೆ ಈಗಿನ ಅರುಣಾಚಲ ಪ್ರದೇಶ. ಅಂದರೆ ಆ ಯುದ್ಧದ ಹೊತ್ತಿಗೆ ನಿಮ್ಮ ತಾತ ಅಲ್ಲಿದ್ದರು.

ಈಗ ಬಲಗಡೆ ನೋಡಿ. ನಿಮ್ಮ ದೊಡ್ಡಮ್ಮ ಹುಟ್ಟಿದ್ದು 1962ರ ದೀಪಾವಳಿ ಆಸುಪಾಸಿನಲ್ಲಿ ಅಂತ ನೀವು ಕಳಿಸಿದ ಪಟ್ಟಿಯ ಕೆಳಗೆ ಬರೆದಿದ್ದೀರಿ. ಆ ವರ್ಷ ದೀಪಾವಳಿ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಚೀನಾ ಸೇನೆ ನಮ್ಕಾ ಚು ಹೊಳೆಯ ಬಳಿ ದಾಳಿ ಶುರು ಮಾಡಿದ್ದು ಅಕ್ಟೋಬರ್ 20ಕ್ಕೆ. ಹಬ್ಬದ ಹೊತ್ತಿಗೆ ತವಾಂಗ್ ಕೈಬಿಟ್ಟು ಹೋಗಿತ್ತು. ನವೆಂಬರ್ ಮಧ್ಯದಲ್ಲಿ ಮತ್ತೆ ದಾಳಿಯಾಗಿ ಸೇಲಾ, ಬೊಮ್ಡಿಲಾ ಎರಡೂ ಬಿದ್ದವು. ನವೆಂಬರ್ 21ಕ್ಕೆ ಚೀನಾ ತಾನೇ ಕದನ ವಿರಾಮ ಘೋಷಿಸಿತು. ಹೊಸ ಬಾಣಂತಿಯಾಗಿ ನಿಮ್ಮ ಅಜ್ಜಿ ಮಲಗಿದ್ದ ಆ ದಿನಗಳಲ್ಲೇ ತಾತ ಆ ಬೆಟ್ಟಗಳಲ್ಲಿದ್ದರು. ನಮ್ಮ ಎಷ್ಟೋ ಜವಾನರಿಗೆ ಆ ಚಳಿಗೆ ಸರಿಯಾದ ಬಟ್ಟೆಯೂ ಇರಲಿಲ್ಲ, ಹತ್ತಿಯ ಸಮವಸ್ತ್ರ ಮತ್ತು ಕ್ಯಾನ್ವಾಸ್ ಶೂನಲ್ಲೇ ಮೇಲೆ ಹತ್ತಿದ್ದರು. ಮನೆಯಲ್ಲಿ ಯಾರಾದರೂ ಈ ಎರಡನ್ನೂ ಒಂದೇ ಪುಟದಲ್ಲಿಟ್ಟು ನೋಡಿದ್ದಾರಾ? ದೊಡ್ಡಮ್ಮನಿಗೆ ತಾನು ಹುಟ್ಟಿದ ವಾರ ಅಪ್ಪ ಎಲ್ಲಿದ್ದ ಅನ್ನೋದು ಗೊತ್ತಾ?

ಇಷ್ಟು ಬರೆದಿರುವುದು ಪದಕ ಮತ್ತು ಇತಿಹಾಸದಿಂದ. ತಾತನ ಕಂಪನಿ, ಅಂದರೆ ಅವರ ತುಕಡಿ, ಯಾವ ದಿನ ಯಾವ ಜಾಗದಲ್ಲಿತ್ತು ಅನ್ನೋದು ಪದಕ ಹೇಳುವುದಿಲ್ಲ. 'ಸೇಲಾದಲ್ಲಿ ಹೋರಾಡಿದರು' ಅಂತ ನೀವಾಗಿ ಸೇರಿಸಬೇಡಿ.

ಮಾವನ 'ಮೂರು ಯುದ್ಧ'ದ ವಿಷಯಕ್ಕೆ ಬರೋಣ. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಪದಕಗಳು ಆ ಮಾತಿಗೆ ಪೂರ್ತಿ ಜೊತೆ ಕೊಡುತ್ತಿಲ್ಲ. 1965ರದ್ದು ಅಂತ ನಿಮ್ಮ ಹತ್ತಿರ ಇರುವುದು ರಕ್ಷಾ ಮೆಡಲ್ ಒಂದೇ. ಅದು ಆ ಹೊತ್ತಿಗೆ ಸೇನೆಯಲ್ಲಿ ಆರು ತಿಂಗಳಾದರೂ ಸೇವೆ ಮಾಡಿದ್ದವರಿಗೆಲ್ಲ ಕೊಟ್ಟ ಪದಕ, ಗಡಿಯಲ್ಲಿದ್ದವರಿಗೂ ಬೆಂಗಳೂರಿನಲ್ಲಿದ್ದವರಿಗೂ. ಕಾರ್ಯಾಚರಣೆಯ ಪ್ರದೇಶದಲ್ಲೇ ಇದ್ದವರಿಗೆ ಕೊಟ್ಟದ್ದು ಸಮರ ಸೇವಾ ಸ್ಟಾರ್. ಅದು ನಿಮ್ಮ ಪಟ್ಟಿಯಲ್ಲಿಲ್ಲ. ಕಳೆದುಹೋಗಿರಬಹುದು, ಅದಕ್ಕೇ ಡಿಸ್ಚಾರ್ಜ್ ಪುಸ್ತಕದ ಪದಕಗಳ ಪುಟ ನೋಡಿ. ಅಲ್ಲೂ ಇಲ್ಲದಿದ್ದರೆ 1965ರಲ್ಲಿ ತಾತ ಬೇರೆ ಕಡೆ ಇದ್ದರು ಅಂತಲೇ ಅರ್ಥ. ಅದರಲ್ಲಿ ಕಡಿಮೆ ಅನ್ನಿಸುವಂಥದ್ದೇನೂ ಇಲ್ಲ. ಪಶ್ಚಿಮದಲ್ಲಿ ಯುದ್ಧವಾಗುವಾಗ ಪೂರ್ವದ ಗಡಿಯನ್ನು ಖಾಲಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಮಾವನಿಗೆ ಹೀಗೆ ಹೇಳಿ: ಅಪ್ಪ ಎರಡು ಯುದ್ಧದಲ್ಲಿದ್ದರು ಅಂತ ಬರೆದರೆ ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಮೂರು ಅಂತ ಬರೆದರೆ, ಅವರ ಜೊತೆ ಇದ್ದ ಒಬ್ಬ ಹಳೇ ತಂಬಿ ಪುಸ್ತಕ ನೋಡಿ ತಲೆ ಅಲ್ಲಾಡಿಸಿದರೆ, ಉಳಿದ ಎರಡರ ಮೇಲೂ ಅನುಮಾನ ಬರುತ್ತದೆ. (ಎಂಇಜಿಯವರನ್ನು ಸೇನೆಯಲ್ಲಿ ಪ್ರೀತಿಯಿಂದ 'ತಂಬಿ' ಅಂತಲೇ ಕರೆಯೋದು. ತಾತ ಮನೆಯಲ್ಲಿ ಹುಡುಗರನ್ನು ತಂಬಿ ಅಂತ ಕರೆಯುತ್ತಿದ್ದರೆ ಅದು ಅಲ್ಲಿಂದ ಬಂದದ್ದು.)

ಸೈನ್ಯ ಸೇವಾ ಮೆಡಲ್ ಮೇಲೆ 'ಜಮ್ಮು ಮತ್ತು ಕಾಶ್ಮೀರ' ಇದೆ. ಯುದ್ಧವಿಲ್ಲದ ಕಾಲದಲ್ಲೂ ಕಷ್ಟದ ಪ್ರದೇಶಗಳಲ್ಲಿ ಕೆಲಸ ಮಾಡಿದವರಿಗೆ ಅದು. ಒಂಬತ್ತು ವರ್ಷದ್ದು, ಇಪ್ಪತ್ತು ವರ್ಷದ್ದು ಎರಡೂ ದೀರ್ಘ ಸೇವೆಯ ಪದಕಗಳು. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿದ್ದವರಿಗೆ ಸಿಕ್ಕಿದ್ದು. ಇವುಗಳ ಬಗ್ಗೆ ಒಂದೊಂದು ಸಾಲು ಸಾಕು.

ಉಳಿದ ಎರಡು, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್. ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ಇರುವುದು ಇವೆರಡರಲ್ಲಿ.

ಪಶ್ಚಿಮಿ ಸ್ಟಾರ್ ಅಂದರೆ 1971ರ ಯುದ್ಧದಲ್ಲಿ ತಾತ ಪಶ್ಚಿಮದ ಗಡಿಯಲ್ಲಿದ್ದರು. ಪೂರ್ವದಲ್ಲಿ, ಅಂದರೆ ಬಾಂಗ್ಲಾದೇಶದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್. ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು 16ಕ್ಕೆ, ಪಶ್ಚಿಮದಲ್ಲಿ ಗುಂಡು ನಿಂತದ್ದು 17ಕ್ಕೆ. ಶಾಲೆಯ ಪುಸ್ತಕದಲ್ಲಿ ಯುದ್ಧ ಅಲ್ಲಿಗೆ ಮುಗಿಯಿತು. ಅಮ್ಮ ಓದಿದ್ದೂ ಅದನ್ನೇ.

ಆದರೆ ಸಂಗ್ರಾಮ್ ಮೆಡಲ್‌ನ ಅವಧಿ ನೋಡಿ. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗೆ. ಒಂದು ವರ್ಷಕ್ಕಿಂತ ಜಾಸ್ತಿ. ಯಾಕೆ ಅಂದರೆ ಗುಂಡು ನಿಂತ ಮೇಲೂ ಎರಡೂ ಸೇನೆಗಳು ಎದುರುಬದುರಾಗಿ ಅಲ್ಲೇ ಕೂತಿದ್ದವು. ಪಶ್ಚಿಮದಲ್ಲಿ ನಮ್ಮವರು ಹಿಡಿದ ಪಾಕಿಸ್ತಾನದ ನೆಲ ನಮ್ಮ ಕೈಯಲ್ಲಿತ್ತು, ಅವರು ಹಿಡಿದದ್ದು ಅವರ ಕೈಯಲ್ಲಿತ್ತು. ಶಿಮ್ಲಾ ಒಪ್ಪಂದ ಆದದ್ದು 1972ರ ಜುಲೈ 2ಕ್ಕೆ. ಕಾಶ್ಮೀರದಲ್ಲಿ ಗಡಿ ನಿಯಂತ್ರಣ ರೇಖೆಯನ್ನು ನಕ್ಷೆಯ ಮೇಲೆ ಗುರುತಿಸಿ ಮುಗಿದದ್ದು ಡಿಸೆಂಬರಿನಲ್ಲಿ. ಆಮೇಲೆಯೇ ಸೇನೆಗಳು ಹಿಂದೆ ಬಂದದ್ದು.

ಇನ್ನೂ ಒಂದು ಮಾತಿದೆ. ನಿಮ್ಮ ತಾತ ಬಂದೂಕು ಹಿಡಿದು ಓಡುವ ಪದಾತಿ ದಳದವರಲ್ಲ, ಸ್ಯಾಪರ್. ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್‌ನ ಕೆಲಸ ಸೇತುವೆ, ರಸ್ತೆ, ಬಂಕರ್, ಮತ್ತು ಮೈನ್. ನೆಲಬಾಂಬು ಹೂಳುವುದು, ಶತ್ರು ಹೂತದ್ದನ್ನು ತೆಗೆದು ದಾರಿ ಮಾಡುವುದು. ಪಶ್ಚಿಮದ ಗಡಿಯಲ್ಲಿ ಆ ಯುದ್ಧದಲ್ಲಿ ಎರಡೂ ಕಡೆಯವರು ಲೆಕ್ಕವಿಲ್ಲದಷ್ಟು ಮೈನ್ ಹೂತಿದ್ದರು. ಶಕರ್‌ಗಢ್ ಕಡೆ ಬಸಂತರ್ ನದಿ ದಾಟುವಾಗ ನಮ್ಮ ಟ್ಯಾಂಕುಗಳಿಗೆ ಮೈನ್‌ಗಳ ಮಧ್ಯೆ ದಾರಿ ತೆರೆದವರು ಸ್ಯಾಪರ್‌ಗಳೇ. ಯುದ್ಧ ನಿಂತ ಮೇಲೆ ಬೇರೆಯವರಿಗೆ ಕೆಲಸ ಕಡಿಮೆಯಾಗುತ್ತದೆ. ಸ್ಯಾಪರ್‌ಗಳಿಗೆ ಆಗಲೇ ಜಾಸ್ತಿ. ಆ ಗಡಿ ಅಂದರೆ ಬರೀ ಮರುಭೂಮಿಯಲ್ಲ, ಬಹಳ ಕಡೆ ರೈತರ ಗೋಧಿ ಹೊಲ. ಹೂತದ್ದನ್ನು ಒಂದೊಂದಾಗಿ ಮಂಡಿಯೂರಿ ಕೂತು ಹುಡುಕಿ ತೆಗೆಯಬೇಕು, ಇಲ್ಲದಿದ್ದರೆ ಊರಿಗೆ ವಾಪಸ್ ಬರುವ ರೈತ ನೇಗಿಲು ಹೂಡಿದ ದಿನವೇ ಸಾಯುತ್ತಾನೆ.

ತಾತ ಅದನ್ನೇ ಮಾಡುತ್ತಿದ್ದರು ಅಂತ ನಾನು ಆಣೆ ಮಾಡಿ ಹೇಳಲಾರೆ, ಅದಕ್ಕೆ ಅವರ ಕಾಗದ ನೋಡಬೇಕು. ಆದರೆ ಒಬ್ಬ ಸ್ಯಾಪರ್ 1972ರ ಮಾರ್ಚ್‌ನಲ್ಲಿ ಮಗಳು ಹುಟ್ಟಿದರೂ ಆ ವರ್ಷ ಮುಗಿಯುವ ಹೊತ್ತಿಗೆ ಮನೆಗೆ ಬಂದ ಅಂದರೆ, ಆ ವರ್ಷದ ಲೆಕ್ಕಕ್ಕೆ ಅದು ಸರಿಯಾಗಿ ಕೂರುತ್ತದೆ. ಗೋಡೆ ಹಿಡಿದು ನಡೆಯುವ ಮಗು ಅಂದರೆ ಒಂಬತ್ತು ಹತ್ತು ತಿಂಗಳು. ಮಾರ್ಚ್‌ನಿಂದ ಎಣಿಸಿ. ಡಿಸೆಂಬರ್, ಇಲ್ಲವೇ ಜನವರಿ. ಈ ಲೆಕ್ಕವನ್ನು ಅಮ್ಮನ ಮುಂದೆ ಇಡಿ. ಪುಸ್ತಕ ಅಚ್ಚಾಗುವವರೆಗೆ ಕಾಯಬೇಡಿ.

ಇದನ್ನು ಖಚಿತ ಮಾಡಿಕೊಳ್ಳುವ ದಾರಿಯೂ ಇದೆ, ನಾನು ಕ್ಲರ್ಕ್ ಆಗಿದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೇನೆಯಲ್ಲಿ 'ಪಾರ್ಟ್ ಟೂ ಆರ್ಡರ್' ಅಂತ ಒಂದಿದೆ. ಸಿಪಾಯಿಯ ಬದುಕಿನಲ್ಲಿ ಏನು ಬದಲಾದರೂ ಅದರಲ್ಲಿ ಬರಬೇಕು. ಪೋಸ್ಟಿಂಗ್, ಪ್ರಮೋಷನ್, ರಜೆಗೆ ಹೋದದ್ದು, ಬಂದದ್ದು, ಆಸ್ಪತ್ರೆ ಸೇರಿದ್ದು. ಅದರ ಜೊತೆಗೇ ಮದುವೆ, ಮಗು ಹುಟ್ಟಿದ್ದು, ಮಗುವಿನ ಹೆಸರು, ತಾರೀಖು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಕಡೆ ಬರೆಯಿರಿ ಅಂದೆನಲ್ಲ, ಸೇನೆ ಗೆರೆಯನ್ನೂ ಎಳೆಯದೆ ಎರಡನ್ನೂ ಒಂದೇ ಕಡೆ ಬರೆದಿಡುತ್ತದೆ. ನಿಮ್ಮ ಅಮ್ಮ ಹುಟ್ಟಿದ ಸುದ್ದಿ ಅಲ್ಲಿ ಒಬ್ಬ ಕ್ಲರ್ಕ್ ಕೈಯಲ್ಲಿ ಟೈಪ್ ಆಗಿರುತ್ತದೆ. ನಾನೂ ಅಂಥ ಎಷ್ಟೋ ಸಾಲು ಟೈಪ್ ಮಾಡಿದ್ದೇನೆ. ಕಾಗದ ಹಿಡಿದು ಬಂದು 'ಸಾಬ್, ಬೇಟಿ ಹುಯೀ' (ಸಾಹೇಬರೇ, ಮಗಳು ಹುಟ್ಟಿದಳು) ಅಂತ ನಿಲ್ಲುತ್ತಿದ್ದ ಹುಡುಗರ ಮುಖ ಇನ್ನೂ ಕಣ್ಣ ಮುಂದಿದೆ. ಮಗುವನ್ನು ಅವರು ಇನ್ನೂ ನೋಡಿರುತ್ತಿರಲಿಲ್ಲ.

ಈ ಆರ್ಡರ್‌ಗಳ ಸಾರ ಸಿಪಾಯಿಯ ಶೀಟ್ ರೋಲ್‌ಗೆ (ಅವನ ಸೇವೆಯ ಮುಖ್ಯ ದಾಖಲೆಗೆ) ಏರುತ್ತದೆ. ಎಂಇಜಿಯವರ ರೆಕಾರ್ಡ್ಸ್ ಕಚೇರಿ ಬೆಂಗಳೂರಿನಲ್ಲೇ ಇದೆ, ನೀವು ಅದೃಷ್ಟವಂತರು. ಅಜ್ಜಿಯ ಸಹಿ ಅಥವಾ ಹೆಬ್ಬೆಟ್ಟು ಇರುವ ಒಂದು ಅರ್ಜಿ ಬರೆಯಿರಿ. ತಾತನ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಸೇರಿದ ಮತ್ತು ಬಿಟ್ಟ ತಾರೀಖು ಹಾಕಿ. ಮರಣ ಪ್ರಮಾಣಪತ್ರ, ಡಿಸ್ಚಾರ್ಜ್ ಪುಸ್ತಕದ ನಕಲು ಲಗತ್ತಿಸಿ. ಅರ್ಜಿ ನಿಮ್ಮ ಹೆಸರಿನಲ್ಲಿ ಬೇಡ, ಹೆಂಡತಿಯ ಹೆಸರಿನಲ್ಲೇ ಇರಲಿ. 'ಎಲ್ಲಾ ದಾಖಲೆ ಕೊಡಿ' ಅಂತ ಕೇಳಬೇಡಿ. 'ಯಾವ ಯಾವ ವರ್ಷ ಯಾವ ಯೂನಿಟ್‌ನಲ್ಲಿದ್ದರು, ಯಾವ ಪದಕಗಳು ಬಂದಿವೆ, ಮಕ್ಕಳ ಜನನದ ಪಾರ್ಟ್ ಟೂ ಆರ್ಡರ್ ತಾರೀಖು ಏನು, 1972 ಮತ್ತು 73ರ ರಜೆಯ ವಿವರ' ಅಂತ ಸ್ಪಷ್ಟವಾಗಿ ಕೇಳಿ. ಐವತ್ತು ವರ್ಷದ ಹಿಂದಿನ ಮಾತು, ಎಲ್ಲವೂ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಸಿಕ್ಕಷ್ಟು ಸಿಗಲಿ. ಯೂನಿಟ್‌ನ ಹೆಸರು ಸಿಕ್ಕಿದರೆ ಅದೇ ದೊಡ್ಡದು, ಆ ಯೂನಿಟ್ ಎಲ್ಲಿತ್ತು ಅಂತ ಹುಡುಕಬಹುದು. ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರ್‌ನಲ್ಲಿ ಮ್ಯೂಸಿಯಂ ಇದೆ. 1780ರಿಂದ ಬಂದ ದಳ, ತನ್ನ ಇತಿಹಾಸವನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ಡಿಸ್ಚಾರ್ಜ್ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ. ಮನೆಯವರು ಸಾಮಾನ್ಯವಾಗಿ ಪಿಂಚಣಿಗೆ ಬೇಕಾದ ಪುಟ ಮಾತ್ರ ನೋಡಿರುತ್ತಾರೆ. ಅದರಲ್ಲಿ ಟ್ರೇಡ್, ಅಂದರೆ ಸೇನೆಯಲ್ಲಿ ಅವರ ಕಸುಬು, ಏನು ಬರೆದಿದೆ? ಮನೆಯ ಬಾಗಿಲು, ಮಂಚ, ತೊಟ್ಟಿಲು ಎಲ್ಲ ತಾತನೇ ಮಾಡಿದ್ದು ಅಂತ ಪಟ್ಟಿಯ ಕೊನೆಯಲ್ಲಿ ಬರೆದಿದ್ದೀರಿ. ಟ್ರೇಡ್‌ನ ಜಾಗದಲ್ಲಿ ಕಾರ್ಪೆಂಟರ್ ಅಂತ ಇದ್ದರೆ ನನಗೆ ಆಶ್ಚರ್ಯವಿಲ್ಲ. ಸೇತುವೆಗೆ ಹಲಗೆ ಜೋಡಿಸಿದ ಕೈ ಅದು. ಆ ತೊಟ್ಟಿಲಿನ ಫೋಟೋ ಪುಸ್ತಕದಲ್ಲಿ ಬರಲೇಬೇಕು, ಪದಕಗಳ ಫೋಟೋಗಿಂತ ಮೊದಲು ಬಂದರೂ ತಪ್ಪಿಲ್ಲ. ಶಿಕ್ಷಣದ ಪುಟವನ್ನೂ ನೋಡಿ. ಆ ಕಾಲದ ಹುಡುಗರು ಊರಿನಲ್ಲಿ ನಾಲ್ಕೈದು ಕ್ಲಾಸ್ ಓದಿ ಹೋಗಿ, ಸೇನೆಯಲ್ಲಿ ಥರ್ಡ್ ಕ್ಲಾಸ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್ ಅಂತ ಪರೀಕ್ಷೆ ಪಾಸು ಮಾಡುತ್ತಿದ್ದರು, ಇಲ್ಲದಿದ್ದರೆ ಪ್ರಮೋಷನ್ ಇಲ್ಲ. ದಿನವಿಡೀ ಮಣ್ಣು ಹೊತ್ತು ರಾತ್ರಿ ಲಾಟೀನಿನ ಬೆಳಕಲ್ಲಿ ಓದಿದವರು. ಹುಟ್ಟಿದ ದಿನ ಜುಲೈ 1 ಅಂತ ಇದ್ದರೆ ಅದು ಮೇಷ್ಟ್ರು ಬರೆಸಿದ ತಾರೀಖು ಇರಬಹುದು. ಅಜ್ಜಿಗೆ ಬೇರೆ ಗೊತ್ತಿದ್ದರೆ ಎರಡನ್ನೂ ಹಾಕಿ.

ಕಾಗದಗಳು. ಇವೇ ನಿಮ್ಮ ನಿಜವಾದ ಆಸ್ತಿ. ನಮ್ಮ ಅಪ್ಪನೂ ಸೇನೆಯಲ್ಲಿದ್ದರು. ಅವರು ಹೋದ ಮೇಲೆ ಮನೆ ರಿಪೇರಿಯ ಗಡಿಬಿಡಿಯಲ್ಲಿ ಅವರ ಕಾಗದಗಳನ್ನೆಲ್ಲ ಬಚ್ಚಲೊಲೆಗೆ ಹಾಕಿಬಿಟ್ಟೆವು. ಹಾಕಿದವನು ನಾನೇ. ಇವತ್ತು ಅದರಲ್ಲಿ ಒಂದು ಸಾಲು ಸಿಕ್ಕಿದರೂ ಸಾಕು ಅನ್ನಿಸುತ್ತದೆ. ಅದಕ್ಕೇ ಬೇರೆಯವರ ಮನೆಯ ಕಾಗದಗಳಿಗೆ ಇಷ್ಟು ಒದ್ದಾಡುತ್ತೇನೆ.

ಪ್ರತಿ ಕಾಗದವನ್ನೂ ಎರಡೂ ಬದಿ ಫೋಟೋ ತೆಗೆಯಿರಿ, ಲಕೋಟೆಯನ್ನೂ. ವಿಳಾಸದಲ್ಲಿ '56 ಎಪಿಓ' (ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ) ಅಂತ ಇದ್ದರೆ ಸಾಮಾನ್ಯವಾಗಿ ಪಶ್ಚಿಮ, ಉತ್ತರದ ಕಡೆ. '99 ಎಪಿಓ' ಅಂದರೆ ಪೂರ್ವ. ಮುದ್ರೆಯಲ್ಲಿ ಎಫ್‌ಪಿಓ (ಫೀಲ್ಡ್ ಪೋಸ್ಟ್ ಆಫೀಸ್) ಅಂತ ಒಂದು ಸಂಖ್ಯೆ, ತಾರೀಖು ಇರುತ್ತದೆ. ಒಳಗೆ ಬರೆದ ಮಾತಿಗಿಂತ ಹೊರಗಿನ ಮುದ್ರೆ ಜಾಸ್ತಿ ಹೇಳುತ್ತದೆ, ಯಾಕೆಂದರೆ ಒಳಗೆ ಜಾಗದ ಹೆಸರು ಬರೆಯುವ ಹಾಗಿರಲಿಲ್ಲ. ಮನಿ ಆರ್ಡರ್‌ನ ಚೀಟಿ ಸಿಕ್ಕಿದರೆ ಬಿಡಬೇಡಿ. ಅದರ ಕೆಳಗಿನ ಸಣ್ಣ ಜಾಗದಲ್ಲಿ ಒಂದೆರಡು ಸಾಲು ಬರೆಯಲು ಬಿಡುತ್ತಿದ್ದರು. 'ಹಸು ಕೊಳ್ಳುವುದು ಬೇಡ, ಮಗುವಿಗೆ ಔಷಧಿ ತರಿಸು' ಅನ್ನುವಂಥ ಮಾತುಗಳು ಅಲ್ಲಿರುತ್ತವೆ. ಒಬ್ಬ ಗಂಡ, ಒಬ್ಬ ಅಪ್ಪ ದೂರದಿಂದ ಮನೆ ನಡೆಸಿದ್ದು ಆ ಎರಡು ಸಾಲಿನಲ್ಲಿ.

ಕಾಗದಗಳಲ್ಲಿ 'ಉಭಯ ಕುಶಲೋಪರಿ', 'ನಾನು ಕ್ಷೇಮ' ಬಿಟ್ಟರೆ ಏನೂ ಇಲ್ಲ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಅಜ್ಜಿಗೆ ಆಗ ಓದಲು ಬರುತ್ತಿತ್ತಾ? ಬರದಿದ್ದರೆ ಆ ಕಾಗದವನ್ನು ಯಾರೋ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಮೇಷ್ಟ್ರೋ, ಮೈದುನನೋ. ಅತ್ತೆ ಮಾವ ಸುತ್ತ ಕೂತು ಕೇಳುತ್ತಿದ್ದರು. ಅಂಥ ಕಾಗದದಲ್ಲಿ ಇಪ್ಪತ್ತೇಳು ವರ್ಷದ ಗಂಡ ಹೆಂಡತಿಗೆ ಏನು ಬರೆದಾನು? ಅವಳ ಉತ್ತರವನ್ನೂ ಇನ್ನೊಬ್ಬರೇ ಬರೆದಿರುತ್ತಾರೆ. ಇದನ್ನು ಅಜ್ಜಿಯ ಹತ್ತಿರ ಕೇಳಿ. 'ನಿನಗೆ ಆಗ ಏನನ್ನಿಸಿತು' ಅಂತ ಕೇಳಿದರೆ ಅವರು 'ಏನನ್ನಿಸತ್ತೆ' ಅಂತಾರೆ. ಅದರ ಬದಲು, ಕಾಗದ ಓದುತ್ತಿದ್ದದ್ದು ಯಾರು, ಎಲ್ಲಿ ಕೂತು ಓದುತ್ತಿದ್ದರು, ಮನಿ ಆರ್ಡರ್ ದುಡ್ಡು ಯಾರ ಕೈಗೆ ಹೋಗುತ್ತಿತ್ತು, ಹೆರಿಗೆ ನೋವು ಬಂದಾಗ ಗಾಡಿ ಕಟ್ಟಿದ್ದು ಯಾರು, ತಾತ ರಜೆಗೆ ಬಂದಾಗ ಮೊದಲು ಯಾರ ಮನೆಗೆ ಹೋಗುತ್ತಿದ್ದರು, ಹೋಲ್ಡಾಲ್ (ಹಾಸಿಗೆ ಸುತ್ತಿ ತರುವ ಚೀಲ) ಬಿಚ್ಚಿದಾಗ ಏನೇನಿರುತ್ತಿತ್ತು, ಹೀಗೆ ಕೇಳಿ. 'ಬಂದಾಗ ಬಂದರು, ಹೋದಾಗ ಹೋದರು' ಅನ್ನುವ ಬಾಯಿಯೇ ಒಂದು ಮಧ್ಯಾಹ್ನವೆಲ್ಲ ಮಾತಾಡುತ್ತದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಒಂದೇ ದಿನ ಎಲ್ಲ ಕೇಳಬೇಡಿ, 84 ವರ್ಷದ ಜೀವ.

ಅಂದಹಾಗೆ ಅಜ್ಜಿ ತಾತನ ಜೊತೆ ಎಲ್ಲಾದರೂ ಕ್ವಾರ್ಟರ್ಸ್‌ನಲ್ಲಿದ್ದರಾ? ಫೀಲ್ಡ್ ಪೋಸ್ಟಿಂಗ್‌ಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ, ಪೀಸ್ ಸ್ಟೇಷನ್ (ಗಡಿಯಿಂದ ದೂರದ ಶಾಂತ ಠಾಣೆ) ಬಂದರೂ ಕ್ವಾರ್ಟರ್ಸ್ ಎಲ್ಲರಿಗೂ ಸಿಗುತ್ತಿರಲಿಲ್ಲ. 1960ರಲ್ಲಿ ಮದುವೆ, 1978ರಲ್ಲಿ ರಿಟೈರ್. ಆ 18 ವರ್ಷದಲ್ಲಿ ಅವರಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಎಷ್ಟು ದಿನ? ರಜೆಗಳನ್ನೆಲ್ಲ ಕೂಡಿ ಲೆಕ್ಕ ಹಾಕಿ. ಆ ಒಂದು ಸಂಖ್ಯೆ ಪುಸ್ತಕದಲ್ಲಿ ಬರಲಿ.

ಸೈನಿಕ ಬೇರೆ, ಅಪ್ಪ ಬೇರೆ ಅಲ್ಲ ಅನ್ನೋದಕ್ಕೆ ಕೊಡಗಿನ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಕತೆ ನಿಮಗೂ ಗೊತ್ತಿರಬೇಕು. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು, 1993ರಲ್ಲಿ 94ನೇ ವಯಸ್ಸಿನಲ್ಲಿ ಹೋದರು. 1965ರ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ವಾಯುಪಡೆಯಲ್ಲಿದ್ದ ಅವರ ಮಗನ ವಿಮಾನವನ್ನು ಹೊಡೆದುರುಳಿಸಿ ಪಾಕಿಸ್ತಾನದವರು ಸೆರೆ ಹಿಡಿದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸ್ವಾತಂತ್ರ್ಯಕ್ಕೆ ಮೊದಲು ಕಾರಿಯಪ್ಪನವರ ಕೈಕೆಳಗೆ ಇದ್ದವರು. ಮಗನಿಗೆ ವಿಶೇಷ ಸವಲತ್ತಿನ ಮಾತು ಬಂದಾಗ ಕಾರಿಯಪ್ಪ ಬೇಡವೆಂದರು, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಆ ಉತ್ತರ ಕೊಟ್ಟದ್ದು ಸೇನಾಪತಿಯೋ ಅಪ್ಪನೋ? ಅವರ ಮೇಲೆ ಬರೆಯುವವರು ಇದನ್ನು ಯಾವ ಅಧ್ಯಾಯಕ್ಕೂ ಬೇರೆ ಮಾಡಿ ಹಾಕಲು ಆಗುವುದಿಲ್ಲ. ನಾಯಬ್ ಸುಬೇದಾರರ ಮನೆಯಲ್ಲೂ ಅಷ್ಟೇ.

ಇನ್ನೊಂದು ಲೆಕ್ಕ ಮಾಡಿ. ಊರಲ್ಲಿ 19 ವರ್ಷ, ಸೇನೆಯಲ್ಲಿ 24 ವರ್ಷ, ಆಮೇಲೆ 47 ವರ್ಷ. ಅರ್ಧಕ್ಕಿಂತ ಜಾಸ್ತಿ ಬದುಕನ್ನು ಅವರು ಸಮವಸ್ತ್ರ ಬಿಚ್ಚಿದ ಮೇಲೆ ಬದುಕಿದ್ದಾರೆ. ಸಿಪಾಯಿ 43ಕ್ಕೆ ಮನೆಗೆ ಬರುತ್ತಾನೆ. ಬರುವಾಗ ದೊಡ್ಡ ಮಗಳಿಗೆ 15, ಚಿಕ್ಕವಳಿಗೆ ಆರು. ಅವರು ಅಲ್ಲಿಯವರೆಗೆ ಅಪ್ಪನನ್ನು ರಜೆಯಲ್ಲಿ ಮಾತ್ರ ನೋಡಿದವರು. ಆ ವಯಸ್ಸಿಗೆ ಮನೆಯಲ್ಲಿ ಅಪ್ಪನಾಗಲು ಕಲಿಯಬೇಕು, ಅದರ ಜೊತೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲಬೇಕು. ಹಿಂದೆ ಹವಾಲ್ದಾರರೆಲ್ಲ ಸೆಲ್ಯೂಟ್ ಹೊಡೆಯುತ್ತಿದ್ದ ಮನುಷ್ಯ. ಅದನ್ನು ಅವರು ಹೇಗೆ ನುಂಗಿಕೊಂಡರು ಅನ್ನೋದು ಯುದ್ಧದಷ್ಟೇ ದೊಡ್ಡ ವಿಷಯ. ಇದಕ್ಕೆ ಪದಕ ಇಲ್ಲ, ಆದ್ದರಿಂದ ಪುಟ ಜಾಸ್ತಿ ಕೊಡಿ.

'ಶಿಸ್ತಿನ ಸಿಪಾಯಿ' ಅಂತ ದಯವಿಟ್ಟು ಬರೆಯಬೇಡಿ. ಮಾಜಿ ಸೈನಿಕರ ಶ್ರದ್ಧಾಂಜಲಿಗಳಲ್ಲೆಲ್ಲ ಆ ಮಾತಿದೆ, ಅದನ್ನು ಓದಿದರೆ ಯಾರ ಮುಖವೂ ಕಣ್ಣಿಗೆ ಬರುವುದಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಹೊದಿಕೆ ಹೇಗೆ ಮಡಿಸುತ್ತಿದ್ದರು, ಮಗ್ಗಿನ ಮೇಲೆ ನಂಬರ್ ಬರೆದುಕೊಂಡಿದ್ದರಾ, ಮೊಮ್ಮಕ್ಕಳನ್ನು ಊಟಕ್ಕೆ 'ಫಾಲಿನ್' (ಸಾಲಾಗಿ ನಿಲ್ಲಿ) ಅಂತ ಕರೆಯುತ್ತಿದ್ದರಾ, ಕರೆಂಟ್ ಬಿಲ್ಲನ್ನೂ ಫೈಲ್ ಮಾಡಿಡುತ್ತಿದ್ದರಾ, ಅದನ್ನು ಬರೆಯಿರಿ.

ಸಿಟ್ಟಿನ ವಿಷಯ, ರಾತ್ರಿ ಕೂಗುತ್ತಿದ್ದ ವಿಷಯ. ಇದನ್ನು ನೀವು ಕೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು, ಯಾಕೆಂದರೆ ಹೆಚ್ಚಿನ ಮನೆಯವರು ಇದನ್ನು ಮುಚ್ಚಿಬಿಡುತ್ತಾರೆ. ನೇಫಾದಿಂದ ಬಂದವರು, ಮೈನ್ ತೆಗೆದವರು ರಾತ್ರಿ ಕೂಗಿದರೆ ಅದು ಅವರ ಸ್ವಭಾವದ ದೋಷವಲ್ಲ. ಆ ಕಾಲದಲ್ಲಿ ಅವರನ್ನು ಕೂರಿಸಿ 'ಏನಾಯಿತು' ಅಂತ ಕೇಳಿದವರಿಲ್ಲ. ಬರೆಯಬಹುದು. ಆದರೆ ಅಜ್ಜಿ ಒಪ್ಪಿದರೆ ಮಾತ್ರ. ಆ ರಾತ್ರಿಗಳಲ್ಲಿ ಪಕ್ಕದಲ್ಲಿ ಎದ್ದು ಕೂತವರು ಅವರು, ಹೇಳುವ ಹಕ್ಕು ಅವರದು. ಅವರು ಬೇಡ ಅಂದರೆ ಬೇಡ. ಒಪ್ಪಿದರೆ, ಅವರ ಮಾತಿನಲ್ಲೇ, ಅವರು ಹೇಳಿದಷ್ಟೇ ಹಾಕಿ. ಸಿಟ್ಟಿನಿಂದ ಯಾರಿಗಾದರೂ ನಿಜವಾಗಿ ನೋವಾಗಿದ್ದರೆ ಅವರನ್ನೂ ಕೇಳಿ. ಸಿಟ್ಟೇ ಇಲ್ಲದ ತಾತನ ಬಗ್ಗೆ ಬರೆದರೆ ನೆಂಟರು ಓದುವಾಗ ಇದು ಬೇರೆ ಯಾರದೋ ಕತೆ ಅಂದುಕೊಳ್ಳುತ್ತಾರೆ.

ತಾಲೂಕಿನ ಮಾಜಿ ಸೈನಿಕರ ಸಂಘಕ್ಕೆ ಒಂದು ಸಲ ಹೋಗಿ ಬನ್ನಿ. ತಾತನ ಜೊತೆ ಇದ್ದವರು ಈಗ ಬಹಳ ಕಡಿಮೆ, ಇದ್ದರೂ ಎಂಬತ್ತೈದು ದಾಟಿದವರು. ಆದರೆ ಅವರ ಕೈಕೆಳಗೆ ರಂಗರೂಟ್ (ಹೊಸ ಸಿಪಾಯಿ) ಆಗಿ ಬಂದ ಹುಡುಗರಿಗೆ ಈಗ ಎಪ್ಪತ್ತು, ಎಪ್ಪತ್ತೈದು. ಮನೆಯಲ್ಲಿ ಬಾಯಿ ಬಿಡದ ಸುಬೇದಾರ್ ಸಾಹೇಬರ ಮಾತು ಅವರಿಗೆ ನೆನಪಿರುತ್ತದೆ. ರೆಕಾರ್ಡ್ಸ್ ಕಚೇರಿಯ ಉತ್ತರ ತಡವಾದರೂ ಪರವಾಗಿಲ್ಲ, ಇದನ್ನು ಮುಂದಕ್ಕೆ ಹಾಕಬೇಡಿ.

ಪದಕಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬ್ರಾಸೋ ಕೂಡ ಬೇಡ. ಅಂಚಿನಲ್ಲಿ ತಾತನ ನಂಬರ್, ಹೆಸರು ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತದೆ, ತಿಕ್ಕಿದರೆ ಸವೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ರಿಬ್ಬನ್ ಹಳೆಯದಾಗಿದ್ದರೂ ಅದೇ ಇರಲಿ.

ಟ್ರಂಕ್‌ಗೆ ಬಣ್ಣ ಹೊಡೆಸಿ ಹಾಲ್‌ನಲ್ಲಿಡಬೇಕು ಅಂತ ಮಾವ ಅಂದಿದ್ದಾರಂತೆ. ಹಾಲ್‌ನಲ್ಲಿಡಲಿ, ಬಣ್ಣ ಮಾತ್ರ ಬೇಡ ಅನ್ನಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಮತ್ತು ಹೆಸರು ಇರುತ್ತದೆ. ಬಿಸಿಲಲ್ಲಿ ಓರೆಯಾಗಿ ಹಿಡಿದು ನೋಡಿ, ಅದರ ಕೆಳಗೆ ಹಳೇ ಅಕ್ಷರಗಳು ಕಾಣಿಸುತ್ತವೆ. ಪ್ರಮೋಷನ್ ಆದಾಗಲೆಲ್ಲ ಹಳೇ ರ‍್ಯಾಂಕಿನ ಮೇಲೆ ಕಪ್ಪು ಬಳಿದು ಹೊಸದು ಬರೆಯುತ್ತಿದ್ದರು. ಸ್ಯಾಪರ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಒಂದರ ಕೆಳಗೆ ಒಂದು. ಕಾಣಿಸಿದರೆ ಒಂದು ಫೋಟೋ ತೆಗೆದು ನನಗೂ ಕಳಿಸಿ.